ಛತ್ರಿಯ ಕೊನೆಯ ಸಂಪುಟ

ಪ್ರಮಿಳಾಳನ್ನು ಮಣ್ಣು ಮಾಡಿದ ಇಪ್ಪತ್ತಾರನೆಯ ದಿನ ಮಧ್ಯಾಹ್ನ ನನ್ನ ಫೋನಿನಲ್ಲಿ ಅವಳ ಹೆಸರು ಬಂತು. ನಾನು ಶಾಲೆಯ ಲೈಬ್ರರಿಯಲ್ಲಿ ಹೊಸ ಪುಸ್ತಕಗಳಿಗೆ ಸೀಲು ಹೊಡೆಯುತ್ತಿದ್ದೆ. ಆರು ವರ್ಷದ ರೂಢಿ ತಲೆಗಿಂತ ಚುರುಕು. ಆ ಹೆಸರು ಬಂದಾಗಲೆಲ್ಲ ಯಾವ ಧ್ವನಿಯಲ್ಲಿ ಎತ್ತುತ್ತಿದ್ದೆನೋ ಅದೇ ಧ್ವನಿಯಲ್ಲಿ, ಗಂಟಲನ್ನು ಎದೆಗಿಳಿಸಿ, ನಿಧಾನವಾಗಿ ಅಂದೆ:

"ಹೇಳು. ಮಳ್ಯಾಗ ನಿಂತೇನಿ. ಕೇಳಾಕತ್ತೇನಿ."

ಆ ಕಡೆ ಯಾರೋ ಉಸಿರು ಹಿಡಿದರು.

"ತಮ್ಮಾ, ನೀ ಯಾರಪ್ಪಾ?" ಹೆಂಗಸಿನ ದನಿ. "ನಾ ಪ್ರಮಿಳಾನ ಅವ್ವ."

ಸಾವಂತ್ರವ್ವ ಕಾಕೂ. ಅವರ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೋ ಲೆಕ್ಕವಿಲ್ಲ. ಆಗಲೇ "ನಾನ್ರೀ ಕಾಕೂ, ಶರ್ವರಿ" ಅನ್ನಬೇಕಿತ್ತು. ಅನ್ನಲಿಲ್ಲ. ಬಾಯಿ ತೆರೆದರೆ ಯಾವ ಧ್ವನಿ ಬರುತ್ತದೋ ನನಗೇ ಗೊತ್ತಿರಲಿಲ್ಲ.

"ಹೆದರಬ್ಯಾಡ," ಎಂದರು ಅವರು, ದನಿ ತಗ್ಗಿಸಿ. "ಆಕಿ ಅಣ್ಣ ಬಾಳೇಶಗ ನಾ ಏನೂ ಹೇಳಿಲ್ಲ. ಹೇಳಿದ್ರ ಅವ ಕೋಲ ತಗೋತಾನ. ಬರೂ ಐತವಾರ ಆಕಿದು ತಿಂಗಳ ದಿವಸ ಐತಿ. ನೀ ಬಂದು ಎಡಿ ಮುಂದ ನಿಂತು ಒಂದ ಮಾತ ಹೇಳಿದ್ರ ಸಾಕು. ಕಾಗಿ ಮುಟ್ಟವಲ್ದು, ತಮ್ಮಾ."

"ಬರ್ತೇನಿ," ಅಂದ ಅವನು, ನನ್ನ ಬಾಯಿಯಿಂದ. ಫೋನು ಇಟ್ಟೆ.

ಇನ್ನೊಂದು ಕೈ ಸೀಲಿನ ಮೇಲೇ ಇತ್ತು. ಎತ್ತಿ ನೋಡಿದರೆ ಮುಖಪುಟದ ರಾಜಕುಮಾರನ ಹಣೆಯ ಮೇಲೆ ಶಾಲೆಯ ಹೆಸರು ಚೆನ್ನಾಗಿ ಮೂಡಿತ್ತು.

*

ಅವನು ಅಂದರೆ ಛತ್ರಿ.

ಒಂಬತ್ತು ಸಂಪುಟಗಳ ಒಂದು ಜಪಾನಿ ಪ್ರೇಮಕಥೆ. ಚಿತ್ರಗಳಲ್ಲೇ ಹೇಳಿದ್ದು, ಮಾಂಗಾ ಎನ್ನುತ್ತಾರೆ. ಅಪ್ಪನ ತಾಯಿ ಹೀರಾಬಾಯಿ, ನಮ್ಮ ಆಯಿ, ಅದನ್ನು ಮೊದಲ ದಿನದಿಂದ "ಮಂಗ್ಯಾನ ಪುಸ್ತಕ" ಎಂದೇ ಕರೆಯುತ್ತಾಳೆ. ಒಳಗೆ ಎಲ್ಲೂ ಮಂಗ ಇಲ್ಲವೆಂದು ತೋರಿಸಿದ ಮೇಲೂ ಬಿಟ್ಟಿಲ್ಲ. ಕಥೆಯ ನಾಯಕ ಪ್ರತಿ ಮಳೆಯಲ್ಲೂ ತನ್ನ ಕೊಡೆಯನ್ನು ಯಾರಿಗಾದರೂ ಕೊಟ್ಟು ತಾನು ತೋಯಿಸಿಕೊಂಡು ಹೋಗುತ್ತಾನೆ. ಎಂಟು ಸಂಪುಟ ಮುಗಿದರೂ ನಾಯಕಿಗೆ ಮನಸ್ಸಿನ ಮಾತು ಹೇಳಿರಲಿಲ್ಲ. ಹಾಗಾಗಿ ಕೊಡೆ, ನಂಬಿಸಿ ಕೈಕೊಡುವ ಆಸಾಮಿ, ಎರಡೂ ಅರ್ಥದಲ್ಲಿ ನಾವಿಟ್ಟ ಆ ಹೆಸರು ಅವನಿಗೆ ಒಪ್ಪುತ್ತಿತ್ತು.

ಪ್ರಮಿಳಾ ಮತ್ತು ನಾನು ಬೆಳಗಾವಿಯ ಒಂದೇ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಬಿ.ಎ. ಮುಗಿಸಿದವರು. ಅವಳು ಖಾನಾಪುರದಿಂದ ದಿನಾ ರೈಲಿಗೆ ಬರುತ್ತಿದ್ದಳು. ಆಮೇಲೆ ಚಷ್ಮಾ ಅಂಗಡಿಯಲ್ಲಿ ಕೆಲಸ ಸಿಕ್ಕ ಮೇಲೂ ಅದೇ ರೈಲು. ನಾನು ಮಹಾಂತೇಶ ನಗರದ ಮನೆಯಿಂದ ಶಾಲೆಗೆ ನಡೆದೇ ಹೋಗುತ್ತೇನೆ. ಪುಸ್ತಕ ತರಿಸುವವಳು ನಾನು. ಮೊದಲು ಓದುವವಳು ಅವಳು, ಏಕೆಂದರೆ ರೈಲಿನಲ್ಲಿ ಅವಳಿಗೆ ಬೇರೆ ಕೆಲಸವಿರಲಿಲ್ಲ. ಓದಿ ಮುಗಿಸಿದ ಸಂಜೆ ಅವಳ ಅಭಿಪ್ರಾಯ ಧ್ವನಿ ಸಂದೇಶವಾಗಿ ಬರುತ್ತಿತ್ತು. ದೇಸೂರು ದಾಟಿದ ಮೇಲೆ ನೆಟ್‌ವರ್ಕ್ ಹೋಗುತ್ತದೆ. ಅಷ್ಟರೊಳಗೆ ತೀರ್ಪು ಮುಗಿಯಬೇಕು.

"ಈಕಿಗೆ ಹದಿನಾರು ವರ್ಷ. ಮೂರು ರಾಜ್ಯ ಉಳಿಸಿದ್ಲು. ಒಂದ ದಿನಾನೂ ಮುಸುರಿ ತಿಕ್ಕಲಿಲ್ಲ. ಕಾಡಿನ್ಯಾಗ ಎರಡು ತಿಂಗಳ ತಿರಗ್ಯಾಳ, ಕೂದಲಾ ಮಾತ್ರ ಈಗ ಹಿಕ್ಕಿದಂಗ ಐತಿ. ಎಣ್ಣಿ ಯಾವ್ದು ಕೇಳಿ ಹೇಳು."

ಇನ್ನೊಂದು ಸಲ: "ಭವಿಷ್ಯವಾಣಿ ಅಂದ್ರ ಏನಂತ ಈಗ ತಿಳೀತು. ಬರಿಯವ್ರಿಗೆ ಕತಿ ಮುಂದ ಹೋಗಲಿಲ್ಲಂದ್ರ ಒಬ್ಬ ಮುದುಕನ್ನ ಕರಸೂದು."

ಹರೆಯದವರಿಗೆಂದು ಬರೆದ ಆ ಮಾಂತ್ರಿಕ ಕಾದಂಬರಿಗಳ ಮೊದಲ ಪುಟದಲ್ಲಿ ನಕಾಶೆ ಇರುತ್ತದೆಯಲ್ಲ, ಅದರ ಮೇಲೆ ಅವಳಿಗೆ ವಿಶೇಷ ಸಿಟ್ಟು. "ಮೂಲ್ಯಾಗ ಒಂದು ಸಣ್ಣ ಊರು ತೋರಿಸ್ಯಾರ. ಆರನೂರು ಪುಟ ಆತು, ಅಲ್ಲಿಗೆ ಒಬ್ರೂ ಹೋಗಲಿಲ್ಲ. ಅಲ್ಲಿ ಮಂದಿ ಇಲ್ಲೇನು? ಅವ್ರಿಗೆ ರಾಣಿ ಬದಲಾದದ್ದರೆ ಗೊತ್ತಾತೋ ಇಲ್ಲೋ?"

ಪ್ರೇಮಕಥೆಗಳ ಬಗ್ಗೆ ಅವಳ ಬಾಯಿ ಇನ್ನೂ ಕಟು. "ಆರನೇ ಪುಸ್ತಕಕ್ಕ ಕೈ ಮುಟ್ಟಿದ. ನಮ್ಮ ಸಂಜೀ ಗಾಡ್ಯಾಗ ಇಷ್ಟೊತ್ತಿಗೆ ನಾಲ್ಕು ಮಂದಿ ಕಾಲ ತುಳದಿರ್ತಿದ್ರು." ಹೀಗೆಲ್ಲ ಬೈದು ಕೊನೆಗೆ ಅಂಕ ಕೊಡುವಾಗ ಐದಕ್ಕೆ ಐದು. ಅಂಕ ಎಂದರೆ ಪುಟ್ಟ ಕೊಡೆಯ ಚಿತ್ರ. ನನಗೆ ಮಾತಾಡದೆ ಒದ್ದೆಯಾಗುವ ಗಂಡಸರ ಮೇಲೆ ತಾಳ್ಮೆ ಇಲ್ಲ. ಒಂದೋ ಎರಡೋ ಕೊಟ್ಟು ಮುಗಿಸುತ್ತಿದ್ದೆ. ಅದಕ್ಕೆ ಅವಳು ವಾರಗಟ್ಟಲೆ ಜಗಳ.

ಆ ಜಗಳಕ್ಕೆ ಉತ್ತರವಾಗಿಯೇ ಛತ್ರಿಯ ಧ್ವನಿ ಹುಟ್ಟಿದ್ದು. ರೇಡಿಯೋದ ವಾರ್ತೆ ಓದುವವನು ಮತ್ತು ಖಾನಾಪುರ ಬಸ್ಸಿನ ಒಬ್ಬ ಕಂಡಕ್ಟರ್, ಇಬ್ಬರನ್ನೂ ಅರ್ಧರ್ಧ ಸೇರಿಸಿದ್ದೆ. "ಪ್ರಮಿಳಾ, ಮಳಿ ಬರಾಕತ್ತೈತಿ. ಛತ್ರಿ ತಗೋ. ನಾ ತೋಸ್ಕೊಂಡ ಹೋಗ್ತೇನಿ. ಚಿಲ್ಲರ ಇದ್ರ ಕೊಡು." ಅವಳು ನನ್ನ ನಂಬರನ್ನೇ "ಛತ್ರಿ" ಎಂದು ಕನ್ನಡದಲ್ಲಿ ಬರೆದುಕೊಂಡಳು. ಆಮೇಲೆ ಚಿಲ್ಲರೆ ಬಿಟ್ಟುಹೋಯಿತು. ಕಂಡಕ್ಟರೂ ನಿಧಾನವಾಗಿ ಇಳಿದುಹೋದ. ಕೊನೆಕೊನೆಗೆ ಅವನು ದಿನಾ ಸಂಜೆ ಉಂಡಿಯಾ, ಮನೆ ಮುಟ್ಟಿದೆಯಾ ಎಂದು ಕೇಳುತ್ತಿದ್ದ. ನಾನು ನಾನಾಗಿ ಕೇಳಿದ್ದರೆ ಅವಳು ನಗುತ್ತಿದ್ದಳು.

ಐದು ದಿನದ ಜ್ವರ. ಡೆಂಗಿ. ಪ್ಲೇಟ್‌ಲೆಟ್ ಇಳಿದವು, ಏರಲಿಲ್ಲ. ಆಸ್ಪತ್ರೆಯ ಹೊರಗೆ ನಿಂತಾಗಲೂ ಊಟದ ಪ್ಲೇಟು ಮತ್ತು ಪ್ಲೇಟ್‌ಲೆಟ್ಟಿನ ಮೇಲೆ ಒಂದು ಮಾತು ತಾನಾಗಿ ನಾಲಿಗೆಗೆ ಬಂದಿತ್ತು. ಕೇಳುವವಳು ಒಳಗಿದ್ದಳು. ಅಂದಿನಿಂದ ಅಳುವೂ ಬಂದಿಲ್ಲ. ಹಲ್ಲಿನ ಡಾಕ್ಟರು ಸೂಜಿ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಆಗಾಗ ಮುಟ್ಟಿ ನೋಡಿಕೊಂಡೆ. ಏನೂ ಹತ್ತಲಿಲ್ಲ.

ಅವಳು ಹೋದ ಒಂಬತ್ತನೆಯ ದಿನ ಒಂಬತ್ತನೆಯ ಸಂಪುಟ ಬಂತು. ಕೊನೆಯದು. ಇಬ್ಬರೂ ಒಟ್ಟಿಗೆ ಕೂತು ಓದುವುದೆಂದು, ಅಂತ್ಯ ಕೆಟ್ಟಿದ್ದರೆ ಒಟ್ಟಿಗೆ ಬೈಯುವುದೆಂದು ಮಾತಾಗಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನೂ ಹರಿಯದೆ ಕಪಾಟಿನಲ್ಲಿಟ್ಟೆ.

*

"ಕಾಗಿ ಮುಟ್ಟಲಿಲ್ಲಂದ್ರ ಏನಾಗತೈತಿ, ಆಯೀ?" ಶನಿವಾರ ಸಂಜೆ ಕೇಳಿದೆ. ನಾವು ಜೈನರು, ಹೊತ್ತು ಮುಳುಗುವ ಮೊದಲು ಅವಳ ಊಟ ಮುಗಿಯಬೇಕು. ಭಕ್ಕರಿ ಮುರಿಯುತ್ತಿದ್ದಳು.

"ನಮ್ಮೊಳಗ ಅವೆಲ್ಲಾ ಇಲ್ಲವಾ. ಜೀವ ಹೋದ ಕೂಡ್ಲೇ ಇನ್ನೊಂದು ಕಡೆ ಹುಟ್ಟಿ ಬಿಡ್ತೈತಿ. ಎಡಿ ಉಣ್ಣಾಕ ಯಾರ ಇರ್ತಾರ ಇಲ್ಲಿ?"

"ಅಂದ್ರ ಪ್ರಮಿಳಾ ಈಗಾಗ್ಲೇ ಎಲ್ಲೋ ಹುಟ್ಟ್ಯಾಳ."

"ಹುಟ್ಟಿರ್ತಾಳ."

ನಾವು ಓದಿದ ಅರ್ಧ ಪುಸ್ತಕಗಳಲ್ಲಿ ಇದೇ ಕಥೆ. ಇಲ್ಲಿ ಸತ್ತವಳು ಬೇರೆ ಲೋಕದಲ್ಲಿ ಕಣ್ಣು ತೆರೆಯುತ್ತಾಳೆ, ಮೈಯಲ್ಲಿ ಮಂತ್ರಶಕ್ತಿ, ಬಾಗಿಲಲ್ಲಿ ಬೆಳ್ಳಿಗೂದಲಿನ ರಾಜಕುಮಾರ. "ಹೋದ ಜನ್ಮದ ಗೆಳತ್ಯಾರನ್ನ ಒಬ್ಬಾಕೀನೂ ನೆನಸಂಗಿಲ್ಲ ನೋಡು," ಎಂದು ಪ್ರಮಿಳಾ ಒಮ್ಮೆ ಅಂದಿದ್ದಳು. "ಒಂದು ಕೊಡಿ ಕಟ್."

"ಆದ್ರ ಆ ತಾಯಿಗೆ ಹೀಂಗ ಹೇಳಾಕ ಹೋಗಬ್ಯಾಡ," ಎಂದಳು ಆಯಿ, ತಾಟಿನ ಮೇಲೆ ಕಣ್ಣಿಟ್ಟೇ. "ಅವರಿಗೆ ಏನ ಬೇಕೋ ಕೇಳು. ಖರೇ ಇದ್ದದ್ದನ್ನ ಹೇಳು. ನಿನ್ನ ನಾಟಕದ ದನಿ ಮನ್ಯಾಗ ಇಡು."

ನನ್ನ ಯೋಚನೆ ಬೇರೆಯೇ ಇತ್ತು. ಭಾನುವಾರ ಹೋಗುವುದು, ಎಲ್ಲರ ಹಿಂದೆ ನಿಲ್ಲುವುದು. ಹುಡುಗ ಬರಲಿಲ್ಲ. ಅಂಥವರು ಬರುವುದಿಲ್ಲ ಎಂದು ಕಾಕೂ ತಾವೇ ತಿಳಿದುಕೊಳ್ಳುತ್ತಾರೆ. ಛತ್ರಿ ಕೊನೆಗೂ ಛತ್ರಿಯೇ. ಎಲ್ಲಕ್ಕೂ ಅದು ಸುಲಭ. ಆದರೂ ಬೆಳಿಗ್ಗೆ ಹೊರಡುವಾಗ ಕಪಾಟಿನಿಂದ ಒಂಬತ್ತನೆಯ ಸಂಪುಟ ತೆಗೆದು ಚೀಲಕ್ಕೆ ಹಾಕಿಕೊಂಡೆ.

*

ಅವಳು ಹೋದ ಮೂರನೆಯ ದಿನವೂ ನಾನು ಖಾನಾಪುರದಲ್ಲಿದ್ದೆ. ಅವರಲ್ಲಿ ಹೂಳುತ್ತಾರೆ. ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಎಡೆ ಇಟ್ಟು ದೂರ ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಿದರೆ ಮುಗಿಯಿತು. ಮುಟ್ಟದಿದ್ದರೆ ಜೀವಕ್ಕೆ ಏನೋ ಆಸೆ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡುತ್ತಾರೆ. ಅಂದು ಅಣ್ಣ ಬಾಳೇಶ, ಅಪ್ಪ ಸತ್ಯಪ್ಪ, ಅತ್ತೆಯರು, ಎಲ್ಲರೂ ಮಾತು ಕೊಟ್ಟು ದಣಿದರು. ಕಾಗೆ ಹುಣಸೆಯ ಮರದಲ್ಲಿ ಕೂತು ಕೊಕ್ಕು ಒರೆಸಿಕೊಂಡಿತು. ಒಂದು ತಾಸಿನ ಮೇಲೆ ಎಡೆಯನ್ನು ಹಸುವಿಗೆ ಹಾಕಿದರು.

ಭಾನುವಾರ ನಾನು ಸ್ಟೇಷನ್ನಿನಿಂದ ನಡೆದು ಹೋದಾಗ ಸಾವಂತ್ರವ್ವ ಕಾಕೂ ಕಟ್ಟೆಯ ಮೇಲೆ ನಿಂತಿದ್ದರು. ನನ್ನನ್ನು ನೋಡಿ "ಬಾ ಯವ್ವಾ" ಎಂದರು. ಕಣ್ಣು ಮಾತ್ರ ನನ್ನ ಹೆಗಲಿನಾಚೆ, ರಸ್ತೆಯ ಮೇಲಿತ್ತು.

"ಗಾಡ್ಯಾಗ ಮತ್ತ ಯಾರರೆ ಇಳದ್ರೇನು, ಈ ಕಡೆ ಬರಾವ್ರು?"

"ಇಲ್ರೀ ಕಾಕೂ."

"ವಯಸ್ಸಿನ ಹುಡಗ. ಉದ್ದಕ ಇದ್ದಿರಬೇಕು. ದನಿ ದಪ್ಪ ಐತಿ."

ಅವರು ನನ್ನ ಕೈ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋದರು. ಟ್ರಂಕು ತೆರೆದು ಸೀರೆಗಳ ನಡುವಿನಿಂದ ಒಂದು ನೋಟ್‌ಬುಕ್ಕು, ಪ್ರಮಿಳಾಳ ಫೋನು ತೆಗೆದರು.

"ನೀ ಆಕಿ ಜೀವದ ಗೆಳತಿ. ನಿನಗ ಗೊತ್ತ ಇರತೈತಿ. ಯಾರವ? ನಮ್ಮವರೊಳಗಿನವ ಅಲ್ಲಂದ್ರೂ ನಡೀತೈತಿ. ನಾ ಬೈಯಾಕ ಕೇಳಾಕತ್ತಿಲ್ಲ." ನೋಟ್‌ಬುಕ್ಕನ್ನು ಎಡದಿಂದ ತೆರೆದು, ಎರಡು ಖಾಲಿ ಹಾಳೆ ದಾಟಿಸಿ, ಬೆರಳಿಟ್ಟು ಓದಿದರು. ಅವರದು ನಾಲ್ಕನೇ ಇಯತ್ತೆಯ ಓದು, ಅಕ್ಷರಕ್ಕೊಮ್ಮೆ ನಿಲ್ಲುತ್ತದೆ. "ಕೊನೀದು ಒಂದು ಉಳೀತು. ಅವ ಬಾಯಿ ಬಿಟ್ಟು ಹೇಳೂತನಕ ನಾ ಎಲ್ಲಿಗೂ ಹೋಗಂಗಿಲ್ಲ." ಪುಟ ತಿರುವಿದರು. "ಇಲ್ಲಿ ನೋಡು, ಜಗಳ. ಇಲ್ಲಿ, ಸ್ಟೇಷನ್ನಾಗ ಬಿಟ್ಟ ಹ್ವಾದ ಅಂತ ಬರದಾಳ. ಕಡೀಕ ಬರದಾಳ, ಯಾರವ ಇವ, ನನಗ ಸೇರವಲ್ಲ ಅಂತ. ಮೊದಲ ಅಷ್ಟು ಅಂದಾಕಿ ಕಡೀಕ ಗುರ್ತ ಇಲ್ಲದಂಗ ಯಾಕ ಬರದ್ಲು? ಅವ ಏನ ಮಾಡಿದ?"

ಅದು ಓದಿದ ಪುಸ್ತಕಗಳ ಬಗ್ಗೆ ನಮ್ಮ ಅಭಿಪ್ರಾಯದ ವಹಿ. ಜಪಾನಿ ಪುಸ್ತಕಗಳು ಬಲದಿಂದ ಎಡಕ್ಕೆ ತೆರೆಯುತ್ತವೆ. ನಮ್ಮ ಕೊನೆಯ ಪುಟ ಅವರಿಗೆ ಮೊದಲ ಪುಟ. ಪ್ರಮಿಳಾ ಹಟ ಹಿಡಿದು ವಹಿಯನ್ನೂ ಹಾಗೆಯೇ ಬರೆದಿದ್ದಳು. ಕಾಕೂ ತಿಂಗಳಿಡೀ ಮಗಳನ್ನು ಹಿಂದಿನಿಂದ ಮುಂದಕ್ಕೆ ಓದಿದ್ದರು. ಫೋನಿನಲ್ಲಿ ನಾವು ಬರೆದ ಸಂದೇಶಗಳೆಲ್ಲ ಇಂಗ್ಲಿಷ್ ಅಕ್ಷರ, ಅದು ಅವರಿಗೆ ಬರದು. ಬಂದದ್ದು ಆ ಪುಟ್ಟ ತ್ರಿಕೋಣ ಒತ್ತುವುದು. ಒತ್ತಿದರೆ ಗಂಡಸಿನ ದನಿ: ಉಂಡಿ ಏನು? ಮನಿ ಮುಟ್ಟಿದಿ?

"ಹೆಸರು ಛತ್ರಿ ಅಂತ ಬರಕೊಂಡಾಳ," ಎಂದರು ಕಾಕೂ. "ಎಂಥಾ ಹೆಸರರೆ ಇರ್ಲಿ. ದಿನಾ ಕೇಳ್ಯಾನ ನೋಡು, ಉಂಡಿ ಏನು ಅಂತ. ಇಪ್ಪತ್ತೈದು ವರ್ಷ ಇದ್ಲು. ಹಂಗ ಕೇಳಾವ ಒಬ್ಬವ ಇದ್ನಲ್ಲಾ ಅಂತ ನಂಗ ಒಂದೀಟು..."

ಈಗ ಸುಮ್ಮನಿದ್ದರೆ ಅವನು ಈ ಟ್ರಂಕಿನೊಳಗೆ ಸೀರೆಗಳ ನಡುವೆ ಕೊನೆಯವರೆಗೂ ಬದುಕಿರುತ್ತಿದ್ದ. ಅವನಿಗಾಗಿ ಪ್ರತಿ ಎಡೆಯ ದಿನ ಇವರು ರಸ್ತೆ ನೋಡುತ್ತಿದ್ದರು, ಪ್ರತಿ ಸಲ ಕಾಗೆ ಮುಟ್ಟದಿದ್ದಾಗ ಅವನೇ ಕಾರಣನಾಗುತ್ತಿದ್ದ. ಹೇಳುವುದಕ್ಕೆ ಬೇರೆ ದಾರಿ ತಿಳಿಯಲಿಲ್ಲ. ಗಂಟಲು ಕೆಳಗಿಳಿಸಿದೆ.

"ಕಾಕೂ," ಅಂದೆ, ಅವನ ಧ್ವನಿಯಲ್ಲಿ. "ಮಳ್ಯಾಗ ನಿಂತೇನಿ. ಕೇಳಾಕತ್ತೇನಿ."

ಅವರು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮತ್ತೆ ನನ್ನ ಕಡೆ. ನನ್ನ ಬಾಯಿಯನ್ನೇ ನೋಡಿದರು.

"ಇನ್ನೊಮ್ಮೆ ಅನ್ನು."

"ಉಂಡಿ ಏನು? ಮನಿ ಮುಟ್ಟಿದಿ?"

ಅವರು ಟ್ರಂಕಿನ ಅಂಚಿಗೆ ಕೂತರು. ಹೊರಗೆ ಬಾಳೇಶಣ್ಣ ಹೂವು ಬಂದವೋ ಇಲ್ಲವೋ ಎಂದು ಯಾರನ್ನೋ ಕೇಳುತ್ತಿದ್ದ.

"ಹಂಗಾರ ಯಾರೂ ಇರ್ಲಿಲ್ಲ."

"ಇರ್ಲಿಲ್ರೀ ಕಾಕೂ. ಪುಸ್ತಕದಾಗಿನವ. ನಾ ಚ್ಯಾಷ್ಟಿ ಮಾಡ್ತಿದ್ದೆ."

"ಇರಬೇಕಿತ್ತು," ಎಂದರು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಅವರೂ ನನ್ನ ಹಾಗೆಯೇ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರೆಂದು ಆಗ ತಿಳಿಯಿತು. ನೋಟ್‌ಬುಕ್ಕಿನ ಮೇಲೆ ಕೈಯಿಟ್ಟು, "ಕೊನೀದು ಒಂದು ಉಳೀತು ಅಂತ ಬರದಾಳಲ್ಲ. ಅದರೆ ಏನು?"

ಚೀಲದಿಂದ ಪುಸ್ತಕ ತೆಗೆದು ಅವರ ಕೈಗೆ ಕೊಟ್ಟೆ. ಅವರು ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದರು.

"ಇದನ್ನ ನೀ ಓದಿಲ್ಲ?"

"ಇಲ್ರೀ."

"ಹಿಡಕೊಂಡು ನಡಿ," ಎಂದರು.

*

ಅವಳನ್ನು ಹೂಳಿದ್ದ ಹೊಲದ ಅಂಚಿನಲ್ಲಿ ಎಡೆ ಇಟ್ಟಿತ್ತು. ಅನ್ನ, ಹೋಳಿಗೆ, ಒಂದು ವಡಾಪಾವ್. ಅವಳ ಫೋಟೋ ಇಲ್ಲ, ಚಷ್ಮಾ ಇತ್ತು. ಹುಣಸೆಯ ಮರದಲ್ಲಿ ಅದೇ ಕಾಗೆ, ಅಥವಾ ಅದರಂಥದೇ ಇನ್ನೊಂದು. ಬಾಳೇಶಣ್ಣ ಆಗಲೇ ಮಾತು ಕೊಡಲು ಶುರು ಮಾಡಿದ್ದ.

"ಪ್ರಮ್ಮೀ, ನಿನ್ನ ಸ್ಕೂಟಿ ಮಾರಂಗಿಲ್ಲ. ನಾನ ಹೊಡೀತೇನಿ, ವಾರಕ್ಕೊಮ್ಮಿ ತೊಳೀತೇನಿ." ಕಾಗೆ ಅಲುಗಲಿಲ್ಲ. "ಆತು, ಹೊಡ್ಯಂಗೂ ಇಲ್ಲ. ಬರೇ ತೊಳೀತೇನಿ."

ಸತ್ಯಪ್ಪ ಕಾಕಾ ಕೈಮುಗಿದು ನಿಂತರು. ಮತ್ತೆ ಹಿಂದೆ ಸರಿದರು.

ಕಾಕೂ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ದೂಡಿದರು. "ಓದು."

"ಏನದು?" ಎಂದ ಬಾಳೇಶಣ್ಣ.

"ಆಕಿದ ಒಂದು ಓದೂದು ಉಳದಿತ್ತು. ನೀ ಸುಮ್ನಿರು."

ಹೊದಿಕೆ ಹರಿದೆ. ಪ್ಲಾಸ್ಟಿಕ್ಕಿನ ಸದ್ದಿಗೆ ಕಾಗೆ ಒಂದು ಕೊಂಬೆ ಮೇಲಕ್ಕೆ ಹೋಯಿತು. ಬಲಗಡೆಯಿಂದ ತೆರೆದು ನಿಂತೇ ಓದತೊಡಗಿದೆ, ಇಂಗ್ಲಿಷಿನದನ್ನು ನೋಡುತ್ತಾ ನಮ್ಮ ಮಾತಿನಲ್ಲಿ. ನಾಯಕಿಗೊಂದು ಎಳೆಯ ಧ್ವನಿ, ಕಥೆಯೊಳಗಿನ ಹೂವಿನ ಅಂಗಡಿಯ ಮುದುಕಿಗೆ ನಮ್ಮ ಆಯಿಯ ಧ್ವನಿ, ಛತ್ರಿಗೆ ಅವನದೇ. ಅವನು ಮೊದಲ ಸಲ ಮಾತಾಡಿದಾಗ ಬಾಳೇಶಣ್ಣ ತಲೆ ಎತ್ತಿ ನನ್ನನ್ನು ನೋಡಿದ, ಆಮೇಲೆ ಅವ್ವನನ್ನು. ಯಾರೂ ಅವನಿಗೆ ಏನೂ ವಿವರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ಕೂತ. ಸತ್ಯಪ್ಪ ಕಾಕಾ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಕಾಕೂ ಚಿತ್ರ ಕಾಣಲಿ ಎಂದು ನನ್ನ ಪಕ್ಕಕ್ಕೇ ಬಂದು ನಿಂತರು.

"ಇಕಿ ಯಾಕ ಓಡಾಕತ್ಲು?"

"ಗಾಡಿ ಬಿಡಾಕತ್ತೈತ್ರಿ. ಅವ ಊರು ಬಿಟ್ಟ ಹೊಂಟಾನ."

"ಹೇಳ್ತಾನೇನು ಈಗ?"

"ನೋಡೂಣ್ರಿ."

ಅವನು ಹೇಳಲಿಲ್ಲ. ಕೊನೆಯ ಪುಟದಲ್ಲಿ ಅವನ ಕೈಯಲ್ಲಿ ಕೊಡೆ ಇದೆ, ಜೋರು ಮಳೆ, ಎದುರಿಗೆ ಅವಳು. ಈ ಸಲ ಅವನು ಕೊಡೆಯನ್ನು ಅವಳಿಗೆ ಕೊಡುವುದಿಲ್ಲ. ಮಡಚುತ್ತಾನೆ. ಇಬ್ಬರೂ ಒದ್ದೆಯಾಗುತ್ತಾರೆ. ಮಾತಿಲ್ಲ. ಅಷ್ಟೇ.

"ಮುಂದ?" ಎಂದರು ಕಾಕೂ.

"ಮುಗೀತ್ರಿ."

"ಇಷ್ಟ?"

ಹಾಳೆ ತಿರುಗಿಸಿ ತೋರಿಸಿದೆ. ಬಿಳಿ ಪುಟ.

"ಏ, ಎಡಿ ನೋಡ್ರಿ," ಎಂದ ಬಾಳೇಶಣ್ಣ. ವಡಾಪಾವಿನ ಒಂದು ಬದಿ ಇರಲಿಲ್ಲ. ಹೋಳಿಗೆ ಎಲೆಯಿಂದ ಹೊರಗೆ ಬಿದ್ದಿತ್ತು. ಮರದಲ್ಲಿ ಕಾಗೆ ಇಲ್ಲ. ನಾವ್ಯಾರೂ ಆ ಕಡೆ ನೋಡಿರಲಿಲ್ಲ. "ನಾಯಿ ಇದ್ರೂ ಇರಬಹುದು," ಎಂದು ಅವನೇ ಸಣ್ಣಗೆ ಅಂದ. ಸತ್ಯಪ್ಪ ಕಾಕಾ ಟೊಪ್ಪಿಗೆ ಹಾಕಿಕೊಂಡು ಎದ್ದರು.

ಮನೆಗೆ ಬಂದು ಕಾಕೂ ನೋಟ್‌ಬುಕ್ಕು ಪೆನ್ನು ತಂದು ನನ್ನ ಮುಂದಿಟ್ಟರು. ಉಳಿದದ್ದು ಎರಡೇ ಹಾಳೆ.

"ಇದರದೂ ಬರಿ. ಆಕಿ ಏನ ಅಂತಿದ್ಲು?"

ನನಗೆ ಗೊತ್ತಿತ್ತು. ಮಾತಷ್ಟೇ ಅಲ್ಲ, ಆ ಮಾತಿನ ಏರಿಳಿತ, ನಡುವೆ ಮೂಗಿನಿಂದ ಬಿಡುವ ನಗು, ದೇಸೂರು ಬಂತೆಂದು ಕೊನೆಗೆ ಮಾಡುವ ಅವಸರ, ಎಲ್ಲ ಗಂಟಲಿನ ತುದಿಯಲ್ಲಿತ್ತು. ಊರಿನ ಅರ್ಧ ಜನರ ದನಿ ಮಾಡಿದ್ದೇನೆ. ಅವಳದನ್ನು ಒಮ್ಮೆಯೂ ಮಾಡಿರಲಿಲ್ಲ.

"ಆಕಿ ದನೀಲೆ ಅಂದು ತೋರಸ್ತೀ ಏನು?" ಎಂದರು ಕಾಕೂ, ನೆಲ ನೋಡುತ್ತ.

"ಅದೊಂದು ನನಗ ಬರಂಗಿಲ್ರೀ ಕಾಕೂ."

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ಪುಸ್ತಕದ ಹೆಸರು ಬರೆದೆ, ಸಂಪುಟ ಒಂಬತ್ತು ಎಂದು ಬರೆದೆ. ಕೆಳಗೆ ಒಂದು ಕೊಡೆ, ಎರಡು, ಮೂರು, ನಾಲ್ಕು. ಅವಳು ಐದು ಕೊಡುತ್ತಿದ್ದಳು. ಐದನೆಯದರ ಹಿಡಿಕೆ ಎಳೆಯುತ್ತಿದ್ದಾಗ ಕಾಕೂ ಪೆನ್ನು ಹಿಡಿದರು.

"ಇವೆಲ್ಲಾ ಏನು?"

"ಮಾರ್ಕ್ಸ್‌ರೀ. ಐದಕ್ಕ ಎಷ್ಟು ಅಂತ."

"ಐದು ಯಾಕ?" ಎಂದರು. "ಒಂಬತ್ತು ಪುಸ್ತಕ ಆಕೀನ ಕಾಯಿಸಿದ. ಬಾಯಿ ಬಿಟ್ಟು ಒಂದ ಮಾತ ಹೇಳಲಿಲ್ಲ. ಕಡೀಕ ಇದ್ದ ಛತ್ರಿ ಮಡಚಿದ. ಎರಡು ಸಾಕು."

ಮೂರು ಕೊಡೆಗಳನ್ನು ಹೊಡೆದು ಹಾಕಿದೆ.